ಹಳತಾಗಿಸಿದ ಹೊಸ ವಸ್ತ್ರವೂ ಅನರ್ಥದಂಡವೂ

ಕಳೆದ ದೀಪಾವಳಿಗೆ ಮುನ್ನ ಪುತ್ತೂರಿನ ನನ್ನ ಜವಳಿ ಅಂಗಡಿಗೆ ಬಂದ ಸಗಟು ಪ್ರತಿನಿಧಿಯೊಬ್ಬರು ಜೀನ್ಸ್ ಪ್ಯಾಂಟೊಂದನ್ನು ಮುಂದಿಟ್ಟು, "ಇದರ ಬಣ್ಣ ಮಾಸಿಸಿದ್ದು ಲೇಸರ್ ಕಿರಣದಿಂದ. ನೀರಿಲ್ಲ, ರಾಸಾಯನಿಕವಿಲ್ಲ. ಜೈನರಿಗೆಂದೇ ಹೇಳಿ ಮಾಡಿಸಿದ ಅಹಿಂಸಾ ವಸ್ತ್ರ" ಎಂದರು. ಬಳಿಯಲ್ಲಿದ್ದ ನಮ್ಮ ಸಮಾಜದ ಮಿತ್ರರು ತಲೆದೂಗಿದರು. ನನಗೆ ತಲೆದೂಗಲು ಸಾಧ್ಯವಾಗಲಿಲ್ಲ. ಅದರ ಕಾರಣವನ್ನು ಶ್ರಾವಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಲೇಸರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಡೆನಿಮ್ ಬಟ್ಟೆಯ ಹಾಸುನೂಲಿಗೆ ನೀಲಿ ಬಣ್ಣ ಹತ್ತುವುದು ಹೊರಮೈಗೆ ಮಾತ್ರ. ತಿರುಳು ಬೆಳ್ಳಗೇ ಉಳಿಯುತ್ತದೆ. ಕಣ್ಣಿಗೆ ಕಾಣದ ಲೇಸರ್ ಕಿರಣವು ಗಣಕಯಂತ್ರದ ಚಿತ್ರವನ್ನು ಅನುಸರಿಸಿ ಆ ಹೊರಮೈಯ ಬಣ್ಣವನ್ನು ಸುಟ್ಟು ಆವಿಯಾಗಿಸುತ್ತದೆ. ಹಿಂದೆ ಇದೇ ಕೆಲಸಕ್ಕೆ ಉಜ್ಜುಕಾಗದ, ಪೊಟ್ಯಾಸಿಯಂ ಪರ್ಮಾಂಗನೇಟಿನ ಸಿಂಪಡಣೆ, ಹಗುರಗಲ್ಲುಗಳೊಡನೆ ಒಗೆತ, ಮರಳಿನ ರಭಸದ ಸಿಡಿತ ಬೇಕಾಗಿದ್ದವು. ತುರ್ಕಿಯಲ್ಲಿ ಮರಳು ಸಿಡಿಸುತ್ತಿದ್ದ ಯುವ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಯಿಂದ ಸತ್ತರು; 2009ರಲ್ಲಿ ಅಲ್ಲಿನ ಸರಕಾರ ಆ ವಿಧಾನವನ್ನು ನಿಷೇಧಿಸಿತು. ಇದರೊಡನೆ ಹೋಲಿಸಿದರೆ ಲೇಸರಿನ ಹಿಂಸೆ ಅಲ್ಪವೆಂಬುದು ನಿಸ್ಸಂದೇಹ.

ಆದರೆ ಅಲ್ಪಹಿಂಸೆಯೇ ಅಹಿಂಸೆಯಲ್ಲ. ಕಿರಣದಿಂದ ಸುಟ್ಟ ಬಟ್ಟೆಯನ್ನೂ ಸಾಮಾನ್ಯವಾಗಿ ಒಗೆಯಲೇಬೇಕು, ಹೊಗೆಯನ್ನು ಹೊರಸೆಳೆಯಲೇಬೇಕು. ಕಾವು ಮಿತಿಮೀರಿದರೆ ಹತ್ತಿಯ ಎಳೆಯೇ ದುರ್ಬಲವಾಗುತ್ತದೆ. ನಾಲ್ಕು ವರ್ಷ ಬಾಳಬೇಕಾದ ವಸ್ತ್ರ ಎರಡೇ ವರ್ಷಕ್ಕೆ ಹರಿದರೆ, ಮತ್ತೊಂದು ವಸ್ತ್ರಕ್ಕೆ ಮತ್ತೆ ಹತ್ತಿ, ಮತ್ತೆ ಕೀಟನಾಶಕ, ಮತ್ತೆ ನೀರು. "ನೀರಿಲ್ಲ" ಎಂಬ ಮಾತು ಅರ್ಧಸತ್ಯ. ವರ್ತಕನ ಬಾಯಲ್ಲಿ ಅರ್ಧಸತ್ಯವೂ ಸತ್ಯಾಣುವ್ರತಕ್ಕೆ ಕುಂದೇ.

ಮುಖ್ಯ ಪ್ರಶ್ನೆ ಇನ್ನೊಂದಿದೆ: ಈ ಕ್ರಿಯೆಯ ಪ್ರಯೋಜನವೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ಭೂಮಿ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ತೊಡಗಿಸುವುದನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಮರಳು ಭೂಮಿ, ಒಗೆತ ನೀರು, ಸಿಡಿತ ಗಾಳಿ, ಲೇಸರ್ ಬೆಂಕಿ. ಸಾಧನ ಬದಲಾಯಿತು, ವ್ಯರ್ಥತೆ ಬದಲಾಗಲಿಲ್ಲ. ಬಟ್ಟೆಗೆ ಬಣ್ಣ ಹಾಕುವುದಕ್ಕೊಂದು ಆರಂಭ, ಹಾಕಿದ ಬಣ್ಣವನ್ನು ತೆಗೆಯುವುದಕ್ಕೆ ಮತ್ತೊಂದು ಆರಂಭ!

ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಮೈಲುತುತ್ತು ಸಿಂಪಡಿಸುವ ಕಾರ್ಮಿಕನ ಪ್ಯಾಂಟಿನ ಮೊಣಕಾಲು ದುಡಿಮೆಯಿಂದ ಮಾಸುತ್ತದೆ. ಅದನ್ನು ಹಾಕಿಕೊಂಡು ಮದುವೆಮನೆಗೆ ಹೋಗಲು ಅವನು ಸಂಕೋಚಪಡುತ್ತಾನೆ. ಅದೇ ಮಾಸುವಿಕೆಯ ಅನುಕರಣೆಗೆ ನಮ್ಮ ಮಕ್ಕಳು ಹೆಚ್ಚು ಬೆಲೆ ತೆರುತ್ತಾರೆ. ದುಡಿಯದೆ ದುಡಿಮೆಯ ಗುರುತನ್ನು ಧರಿಸುವುದು ಅಲಂಕಾರವೋ, ಅಣಕವೋ?

"ಬಳ್ಳಾರಿಯ ಬಡವರ ಅನ್ನಕ್ಕೆ ಕಲ್ಲು ಹಾಕುತ್ತೀರಾ?" ಎಂಬ ಆಕ್ಷೇಪ ಬರಬಹುದು. ಬಳ್ಳಾರಿಯಲ್ಲಿ ಸಾವಿರಾರು ಕುಟುಂಬಗಳು ಜೀನ್ಸ್ ಉದ್ಯಮದಿಂದ ಬದುಕುತ್ತಿವೆ. ಅಲ್ಲಿನ ಒಗೆತ ಘಟಕಗಳ ನೀಲಿ ನೀರು ಮಾಲಿನ್ಯದ ದೂರುಗಳಿಗೂ ಕಾರಣವಾಗಿದೆ. ಮಾಸಿಸದ ಜೀನ್ಸಿಗೂ ಹೊಲಿಗೆ ಬೇಕೇ ಬೇಕು. ಆದುದರಿಂದ ದರ್ಜಿಯ ಅನ್ನ ತಪ್ಪದು. ಕೈಯಿಂದ ಉಜ್ಜುವವನ ಅನ್ನವನ್ನು ಕಸಿಯುವುದು ಲೇಸರೇ. 2018ರಲ್ಲಿ ಲೀವೈಸ್ ಸಂಸ್ಥೆ ಈ ವಿಧಾನವನ್ನು ಘೋಷಿಸಿದಾಗ, ಒಂದು ಪ್ಯಾಂಟಿಗೆ ಸುಮಾರು 90 ಸೆಕೆಂಡು ಸಾಕೆಂದು ಹೆಮ್ಮೆಯಿಂದ ಹೇಳಿಕೊಂಡಿತ್ತು.

"ನಾವು ತಯಾರಿಸುವುದಿಲ್ಲ, ಮಾರುತ್ತೇವಷ್ಟೆ" ಎಂಬುದು ನಮ್ಮವರ ಕೊನೆಯ ಸಮಾಧಾನ. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಓದಿದ ನಾವು ಹೀಗೆ ಹೇಳಬಹುದೇ? 1931ರಲ್ಲಿ ಅಹಮದಾಬಾದಿನಲ್ಲಿ ಅರವಿಂದ ಮಿಲ್ಸನ್ನು ಸ್ಥಾಪಿಸಿ, ಮುಂದೆ ಡೆನಿಮ್ ತಯಾರಿಕೆಯಲ್ಲಿ ಹೆಸರಾದದ್ದು ಜೈನರಾದ ಲಾಲ್‌ಭಾಯಿ ಮನೆತನ. ಈ ವ್ಯಾಪಾರದಲ್ಲಿ ನಾವು ಹೊರಗಿನವರಲ್ಲ; ಅದರ ವಿವೇಕದ ಹೊಣೆಯೂ ನಮ್ಮದೇ.

ನಾನು ಜೀನ್ಸ್ ಮಾರುವುದನ್ನು ಬಿಟ್ಟಿಲ್ಲ. ಬಿಟ್ಟೆನೆಂದು ಬೀಗುವ ಅಧಿಕಾರವೂ ನನಗಿಲ್ಲ. ಮಾಸಿಸದ ಗಾಢನೀಲಿ ಬಟ್ಟೆಯನ್ನು ಮುಂದಿನ ಕಪಾಟಿಗೆ ತಂದಿದ್ದೇನೆ. ಮಾಸಿದ್ದನ್ನೇ ಕೇಳುವವರಿಗೆ ಲೇಸರಿನದನ್ನು ಕೊಟ್ಟು, "ಇದು ಕಡಿಮೆ ಕೆಡುಕಿನದು, ಕೆಡುಕಿಲ್ಲದ್ದಲ್ಲ" ಎಂದು ಹೇಳುತ್ತೇನೆ. ಲಾಭ ಸ್ವಲ್ಪ ತಗ್ಗಿದೆ. ಬಂಧುಗಳೇ, ವಸ್ತ್ರವು ಉಟ್ಟು ಹಳತಾಗಲಿ. ಸುಟ್ಟು ಹಳತಾಗುವುದು ಬೇಡ.