72 ಗಂಟೆ



ಹಾಸ್ಟೆಲ್ ರೂಮಿನಲ್ಲಿ ನಡುರಾತ್ರಿವರೆಗೆ ಕ್ರಾಂತಿ ಮಾತಾಡುವ ನಾವು ಒಂದು ಗುಳಿಗೆಯ ಹೆಸರು ಬಂದ ಕೂಡಲೇ ದನಿ ತಗ್ಗಿಸ್ತೀವಿ. ತುರ್ತು ಗರ್ಭನಿರೋಧಕ ಗುಳಿಗೆ. "ಅದು ನುಂಗಿದ್ರೆ ಮುಂದೆ ಮಕ್ಕಳೇ ಆಗಲ್ವಂತೆ", "ಬಸಿರು ತೆಗೆಸೋ ಮಾತ್ರೆಯಂತೆ". ಈ ಅಂತೆಕಂತೆಗಳನ್ನ ಹರಡ್ತಿರೋರು ಬಿ.ಎ. ಓದಿದ ನಾವೇ.

ಎರಡೂ ಸುಳ್ಳು. ಅದರಲ್ಲಿರೋದು ಲಿವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನು, 1.5 ಮಿಲಿಗ್ರಾಂ. ಅಂಡ ಹೊರಬೀಳೋದನ್ನ ಅದು ಮುಂದಕ್ಕೆ ತಳ್ಳುತ್ತೆ. ಬಸಿರು ಆಗಲೇ ನಿಂತಿದ್ದರೆ ಅದನ್ನ ಇಳಿಸೋ ಶಕ್ತಿ ಅದಕ್ಕಿಲ್ಲ. ಅದಕ್ಕೇ ಹೊತ್ತು ಮುಖ್ಯ: 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೇದು. ಅದು ದಾಟಿದ್ರೂ 5 ದಿನದೊಳಗೆ ಆಸ್ಪತ್ರೆಯಲ್ಲಿ ಕಾಪರ್-ಟಿ ಹಾಕಿಸಬಹುದು. ಗುಳಿಗೆಯಿಂದ ವಾಕರಿಕೆ, ತಲೆನೋವು ಬರಬಹುದು, ಮುಟ್ಟು ಹಿಂದುಮುಂದಾಗಬಹುದು. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ತಗೋಬೇಕು. ಮುಟ್ಟು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಮಾತು, ಇದನ್ನ ಯಾರೂ ಹೇಳಲ್ಲ: ಕ್ಷಯಕ್ಕೆ ರಿಫಾಂಪಿಸಿನ್ ತಗೊಳ್ತಿರೋರಲ್ಲಿ, ಮೂರ್ಛೆರೋಗದ ಕೆಲವು ಮಾತ್ರೆ ತಗೊಳ್ತಿರೋರಲ್ಲಿ ಇದರ ಬಲ ಕುಗ್ಗುತ್ತೆ. ಅವರು ಡಾಕ್ಟರನ್ನ ಕೇಳಲೇಬೇಕು. ಕ್ಷಯ ಯಾರ ಮನೆ ಹುಡುಕಿಕೊಂಡು ಬರುತ್ತೆ ಅಂತ ನಮಗೆ ಗೊತ್ತಲ್ಲ! ದಿನನಿತ್ಯಕ್ಕೆ ಈ ಗುಳಿಗೆ ನೆಚ್ಚಬಾರದು. ಲೈಂಗಿಕ ರೋಗಗಳನ್ನ ಇದು ತಡೆಯಲ್ಲ, ಅದಕ್ಕೆ ನಿರೋಧ್ ಬೇಕು.

ಸಿಗುತ್ತಾ? 2005ರಿಂದ ಡಾಕ್ಟರ ಚೀಟಿ ಇಲ್ಲದೆ ಮಾರಬಹುದು. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದುಕೊಡೋ ಯೋಜನೆ 2011ರಲ್ಲಿ ಶುರುವಾದಾಗ ಇದಕ್ಕೆ ಇಟ್ಟ ಬೆಲೆ 2 ರೂಪಾಯಿ. ಕಾಗದದ ಮೇಲೆ ಎಲ್ಲ ಇದೆ. ಆದರೆ ತಾಲ್ಲೂಕು ಪೇಟೆಯ ಔಷಧಿ ಅಂಗಡಿಯವನು "ಮದುವೆ ಆಗಿದೆಯೇನಮ್ಮಾ?" ಅಂತಾನೆ. ಅವನಿಗೆ ಅವಳ ಅಪ್ಪ ಗೊತ್ತು, ಅಣ್ಣ ಗೊತ್ತು. ಅವಳು ತಲೆನೋವಿನ ಮಾತ್ರೆ ಕೊಂಡು ವಾಪಸ್ ಬರ್ತಾಳೆ. ಸಂಜೆ ಹಾಸ್ಟೆಲ್ ಗೇಟು ಬೀಳುತ್ತೆ. ಗಡಿಯಾರ ನಿಲ್ಲಲ್ಲ.

ಅಷ್ಟೊತ್ತಿಗೆ ಅವನೆಲ್ಲಿ? ನಮ್ಮ ಪಕ್ಕದ ಮಂಚದಲ್ಲೇ ಮಲಗಿರ್ತಾನೆ. "ಅವಳು ನೋಡ್ಕೊಳ್ತಾಳೆ ಬಿಡೋ" ಅಂತಾನೆ. ಅವ್ವನ ಒಡಲಿನ ಮೇಲೆ ನಾವು ಬೇಕಾದಷ್ಟು ಪದ್ಯ ಕಟ್ಟಿದೀವಿ. ಆ ಒಡಲಿನ ಲೆಕ್ಕ ಒಂದೂ ಕಲಿತಿಲ್ಲ.

1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ಬಾಬಾಸಾಹೇಬರು ಬರೆದ ಭಾಷಣವನ್ನ ಪಿ.ಜೆ. ರೋಹಮ್ ಓದಿದರು. ಗೊತ್ತುವಳಿ ಬಿದ್ದುಹೋಯ್ತು. ಅವರ ಪಟದ ಕೆಳಗೆ ಕೂತು ನಾವಿನ್ನೂ ಪಿಸುಗುಟ್ಟುತ್ತಾ ಇದ್ದೀವಿ.

ಮುಂದಿನ ಹಾಸ್ಟೆಲ್ ಸಭೆಗೆ ಆರೋಗ್ಯ ಕೇಂದ್ರದ ನರ್ಸಮ್ಮನನ್ನ ಕರೆಸೋಣ. ಗುಳಿಗೆ ದಾಸ್ತಾನಿದೆಯಾ ಅಂತ ಅವರನ್ನ ಎಲ್ಲರೆದುರು ಕೇಳೋಣ. ಹುಡುಗರು ಮುಂದಿನ ಸಾಲಲ್ಲಿ ಕೂರಬೇಕು.