ಅಡ್ಡಮಳೆ ಹರಗುವುದಕ್ಕೆ, ಬಿತ್ತುವುದಕ್ಕಲ್ಲ

ಯುಗಾದಿ ಕಳೆದ ಮೇಲೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಬಯಲಿನಲ್ಲಿ ಬಿಸಿಲು ಏರುವ ಬಗೆಯನ್ನು ವಾಚಕರಿಗೆ ಬಣ್ಣಿಸಿ ಹೇಳಬೇಕಾದ ಕಾರಣವಿಲ್ಲ. ಎಪ್ರಿಲ್ ತಿಂಗಳಲ್ಲಿ ಉಷ್ಣಮಾನ ೪೦ ಡಿಗ್ರಿ ಮುಟ್ಟುವುದು. ಮೇ ತಿಂಗಳಲ್ಲಿ ಅದನ್ನೂ ದಾಟುವುದು. ಎರೆಹೊಲಗಳು ಕೈ ಇಳಿಯುವಷ್ಟು ಬಿರಿಯುವವು. ಹೀಗೆ ನಾಲ್ಕೆಂಟು ದಿನ ಕುದಿದ ಮೇಲೆ ಒಂದು ಇಳಿಹೊತ್ತು ಮೋಡ ಕಟ್ಟಿ, ಧೂಳೆಬ್ಬಿಸಿ, ಗುಡುಗು ಸಿಡಿಲುಗಳೊಡನೆ ಅಡ್ಡಮಳೆ ಬೀಳುವುದು. ನಮ್ಮ ಮರಾಠಿ ನೆರೆಯವರು ಇದಕ್ಕೆ ವಳೀವ ಎನ್ನುವರು. ಕೃತ್ತಿಕೆ, ರೋಹಿಣಿಗಳಲ್ಲಿ ಇಂಥವು ಎರಡು ಬಿದ್ದರೆ ಸಾಕು, ಮರುದಿನವೇ ಬೀಜದ ಅಂಗಡಿಯ ಮುಂದೆ ಜನ ನೆರೆಯುವುದನ್ನು ನಾವು ಈಚಿನ ವರ್ಷಗಳಲ್ಲಿ ಕಾಣುತ್ತಿದ್ದೇವೆ. ಇದು ನಮಗೆ ಸರಿ ಕಾಣುವುದಿಲ್ಲ.

ಈ ಮಳೆಯು ಮುಂಗಾರಿಯಂತೆ ನಾಡೆಲ್ಲ ಹಬ್ಬಿ ಬರುವಂಥದಲ್ಲ. ಕಾದ ನೆಲದ ಗಾಳಿ ಹಗುರಾಗಿ ಮೇಲೇರುವುದು. ವಾಯವ್ಯದ ಒಣಗಾಳಿಯೂ ಸಮುದ್ರದ ಕಡೆಯ ಹಸಿಗಾಳಿಯೂ ಕೂಡಿದಲ್ಲಿ ಮೋಡ ಗೋಪುರದಂತೆ ಬೆಳೆಯುವುದು. ಅದರ ತಳವು ಬಹಳ ಎತ್ತರದಲ್ಲಿರುವುದರಿಂದ ಹನಿಗಳಲ್ಲಿ ಎಷ್ಟೋ ದಾರಿಯಲ್ಲೇ ಆರಿಹೋಗಿ, ಸುತ್ತಲಿನ ಗಾಳಿಯನ್ನು ತಂಪು ಮಾಡಿ ಭಾರವಾಗಿಸುವವು. ಆ ಭಾರದ ಗಾಳಿ ಕೆಳಗೆ ದುಮುಕಿದಾಗಲೇ ನಮ್ಮ ಮನೆಯ ತಗಡು ಹಾರುವುದು. ಮಳೆ ಆಮೇಲಿನ ಮಾತು. ಅದಾದರೂ ಒಂದು ಊರಿನ ಮೇಲೆ ಸುರಿದು ಮುಗಿಯುವುದು. ಬೋರಿ ಹೊಳೆಯ ಈ ದಂಡೆಗೆ ಹಳ್ಳ ತುಂಬಿ ಬಂದ ದಿನ ಆ ದಂಡೆಯಲ್ಲಿ ಧೂಳು ಸಹ ಅಡಗಿರುವುದಿಲ್ಲ.

ಸಪ್ಪಳ ಕೇಳಿ ಮಳೆ ಅಳೆಯುವುದು ಸಲ್ಲದು. ಒಂದು ಇಂಚು ಮಳೆಯೆಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರು ನೀರು. ಕೇಳುವುದಕ್ಕೆ ದೊಡ್ಡ ಲೆಕ್ಕವೇ ಸರಿ. ಆದರೆ ಮೇ ತಿಂಗಳ ಬಿಸಿಲು, ಗಾಳಿಗಳಿಗೆ ತೆರೆದ ನೀರು ದಿನಕ್ಕೆ ೧೦ ಮಿಲಿಮೀಟರಿನಷ್ಟು ಆರುವುದು. ಇಂಚು ಮಳೆ ಮೂರು ದಿನದ ಬಾಬು. ಉಳಿದದ್ದರಲ್ಲಿ ಒಂದಿಷ್ಟು ಬಿರುಕುಗಳಲ್ಲಿ ಇಳಿಯುವುದು, ಒಂದಿಷ್ಟು ಇಳಿಜಾರು ಹಿಡಿದು ಮಣ್ಣನ್ನೂ ಒಯ್ಯುವುದು. ಸಲಿಕೆ ತೆಗೆದುಕೊಂಡು ಅಗೆದು ನೋಡಿರಿ: ಮೇಲೆ ಗೇಣು ಹಸಿ, ಕೆಳಗೆ ಇನ್ನೂ ಬೆಚ್ಚಗಿರುವ ಒಣಮಣ್ಣು. ಆ ಗೇಣು ಹಸಿಯಲ್ಲಿ ಉದ್ದು, ಸೋಯಾ ಮೊಳೆತು ಎರಡೆಲೆ ಬಿಟ್ಟು, ಬೇರಿಗೆ ಹಸಿ ಸಿಗದೆ ಸುಟ್ಟುಹೋಗುವವು. ಎರಡನೆಯ ಸಲದ ಬೀಜಕ್ಕೆ, ಗೊಬ್ಬರಕ್ಕೆ ಹಣ ತರುವುದು ಎಲ್ಲಿಂದ? ಸಾಲಗಾರನ ಮನೆಯ ದಾರಿ ಎಲ್ಲರಿಗೂ ಗೊತ್ತಿದೆ.

೨೦೨೫ರ ಮಾತನ್ನು ನೆನೆಯಬೇಕು. ಆ ವರ್ಷ ಮುಂಗಾರಿಯು ಮೇ ೨೪ಕ್ಕೇ ಕೇರಳಕ್ಕೂ ೨೬ಕ್ಕೆ ಮುಂಬಯಿಗೂ ಬಂದು ಮುಟ್ಟಿತು. ಮಹಾರಾಷ್ಟ್ರದಲ್ಲಿ ಮೇ ತಿಂಗಳೇ ಮಳೆಗಾಲವಾದಂತಿತ್ತು. ಆದರೆ ತಿಂಗಳ ಕೊನೆಗೆ ಅದು ನಿಂತಲ್ಲಿಯೇ ನಿಂತು, ಜೂನ್ ನಡುವಿನ ತನಕ ಮುಂದೆ ಸರಿಯಲಿಲ್ಲ. ಬಿತ್ತಿಗೆಗೆ ಅವಸರ ಮಾಡಬೇಡಿರೆಂದು ಸರಕಾರದ ಕೃಷಿ ಖಾತೆ ಹೇಳುತ್ತಲೇ ಇತ್ತು. ೭೫ರಿಂದ ೧೦೦ ಮಿಲಿಮೀಟರು ಮಳೆ ಬಿದ್ದು ನೆಲ ಚೆನ್ನಾಗಿ ನೆನೆದ ಮೇಲೆಯೇ ಬಿತ್ತಬೇಕೆಂಬುದು ಅವರ ಮಾತು. ಖಾತೆಯ ಮಾತೆಲ್ಲ ನಮಗೆ ಒಪ್ಪಿಗೆಯೆಂದಲ್ಲ, ಈ ಮಾತು ಮಾತ್ರ ಬಂಗಾರದಂಥದು.

‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂದು ಹಿರಿಯರು ಹೇಳಿಲ್ಲವೇ ಎಂದು ಯಾರಾದರೂ ಕೇಳಿಯಾರು. ಮುಂಗಾರಿ ಜೋಳದ ಸೀಮೆಗೆ ಆ ಗಾದೆ ಒಪ್ಪೀತು. ನಮ್ಮದು ಹಿಂಗಾರಿ ಜೋಳದ ಸೀಮೆ. ಇದೇ ಜಿಲ್ಲೆಯ ಮೋಹೋಳದಲ್ಲಿ ಊರ ಮಾಲದಂಡಿಯಿಂದ ಆರಿಸಿ ತೆಗೆದ ಎಮ್ ೩೫-೧ ತಳಿಯನ್ನು ಸಪ್ಟಂಬರ, ಅಕ್ಟೋಬರಗಳಲ್ಲಿ ಬಿತ್ತುತ್ತೇವೆ. ಅದು ಮುಂದೆ ಮಳೆ ಕೇಳುವುದಿಲ್ಲ. ಹೊಲದಲ್ಲಿ ಕೂಡಿಟ್ಟ ಹಸಿಯ ಮೇಲೆಯೇ ತೆನೆ ಕಟ್ಟುವುದು. ಸೊಲ್ಲಾಪುರದ ಒಣಬೇಸಾಯ ಸಂಶೋಧನ ಕೇಂದ್ರವು ೧೯೩೩ರಲ್ಲಿ ತೊಡಗಿದಂದಿನಿಂದ ಹೇಳುತ್ತ ಬಂದುದರ ಸಾರವೂ ಅದೇ: ಬಿದ್ದ ನೀರನ್ನು ಬಿದ್ದಲ್ಲಿಯೇ ಇಂಗಿಸಬೇಕು. ಅಡ್ಡಮಳೆ ಬಂದು ಹೆಂಟೆ ಮೆತ್ತಗಾದ ಎರಡು ಮೂರು ದಿನಗಳೇ ಅದಕ್ಕೆ ಹದ. ಆಗ ಕುಂಟೆ ಹೊಡೆದು ಹರಗಿದರೆ ಬಿರುಕು ಮುಚ್ಚುವುದು, ಮೊಳೆತ ಕಸ ಸಾಯುವುದು, ಮುಂದಿನ ಮಳೆ ಒಳಗಿಳಿಯುವುದು. ಎಲ್ಲಿ ಒಡ್ಡು ಒಡೆದಿದೆ, ನೀರು ಎಲ್ಲಿ ದಾರಿ ಮಾಡಿಕೊಂಡಿದೆಯೆಂಬುದನ್ನು ಈ ಮಳೆಯೇ ತೋರಿಸಿಕೊಟ್ಟಿರುವುದು. ಅಲ್ಲಿ ನಾಲ್ಕು ಬುಟ್ಟಿ ಮಣ್ಣು ಹಾಕಲಿಕ್ಕೆ ಬೇರೆ ಮುಹೂರ್ತ ಬೇಕಿಲ್ಲ. ಚೌಕುಮಡಿ ಕಟ್ಟುವ ಕೆಲಸ ಮುಂದೆ ಆಷಾಢಕ್ಕೆ ಇದ್ದೇ ಇದೆ.

ಇನ್ನೊಂದು ಎಚ್ಚರಿಕೆ. ಮಳೆ ಬಿದ್ದ ವಾರದೊಳಗೆ ಜೋಳದ ಕೂಳೆ ಚಿಗುರುವುದು. ಹಸುರು ಕಂಡು ದನ ಬಿಡುವವರಿದ್ದಾರೆ. ಆ ಎಳೆಚಿಗುರಿನಲ್ಲಿ ವಿಷವಿರುವುದು, ಹೊಟ್ಟೆತುಂಬ ತಿಂದ ದನ ಘಳಿಗೆಯಲ್ಲಿ ನೆಲಕ್ಕೆ ಬೀಳುವುದು. ಕಬ್ಬಿನವರು ನೋಡಬೇಕಾದುದು ಬೇವು, ಜಾಲಿಯ ಮರಗಳನ್ನು. ಗೊಣ್ಣೆಹುಳದ ದುಂಬಿಗಳು ಈ ಮಳೆಗೇ ನೆಲದಿಂದ ಎದ್ದು ಸಂಜೆಗೆ ಆ ಮರಗಳಿಗೆ ಮುತ್ತುವವು. ಊರವರೆಲ್ಲ ಕೂಡಿ ಟೊಂಗೆ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದೆ ಬೇರು ಕಡಿಯುವ ಹುಳ ಅಷ್ಟು ಕಡಿಮೆ. ಒಬ್ಬನೇ ಮಾಡಿದರೆ ಫಲವಿಲ್ಲ.

ಸಿಡಿಲಿನ ವಿಷಯವನ್ನು ಹೇಳದೆ ಬಿಡಲಾರೆವು. ನಮ್ಮ ಬಯಲಿನಲ್ಲಿ ಹೊಲಕ್ಕೊಂದು ಮರ. ಮಳೆ ಬಂದೊಡನೆ ಆಳು, ಎತ್ತು, ಎಮ್ಮೆ ಎಲ್ಲ ಅದರ ಬುಡಕ್ಕೇ. ಸಿಡಿಲು ಮರಕ್ಕೆ ಬಡಿದು ನೆಲದಲ್ಲಿ ಹರಡುವಾಗ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವ ದನವೇ ಮೊದಲು ಬಲಿಯಾಗುವುದು. ಗುಡುಗು ಕೇಳಿತೆಂದರೆ ದನ ಬಿಚ್ಚಿಕೊಂಡು ಮನೆಯ ದಾರಿ ಹಿಡಿಯಬೇಕು. ಗುಡುಗು ನಿಂತು ಅರ್ಧ ತಾಸು ಕಳೆಯುವ ತನಕ ಹೊಲಕ್ಕೆ ಮರಳಬಾರದು. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ ‘ದಾಮಿನಿ’ ಎಂಬುದು ಮೊಬೈಲಿನಲ್ಲಿ ಸಿಡಿಲಿನ ಮುನ್ಸೂಚನೆ ಕೊಡುವುದು. ಮನೆಯ ಹುಡುಗರಿಗೆ ಹೇಳಿ ಹಾಕಿಸಿಕೊಳ್ಳಿರಿ.

ಕಡೆಗೆ ನಮ್ಮದೊಂದು ಬೇಡಿಕೆ. ಮಳೆ ಅಳೆಯುವ ಯಂತ್ರಗಳು ಮಹಸೂಲ ಮಂಡಳಕ್ಕೆ ಒಂದರಂತೆ ನಿಂತಿವೆ; ಒಂದು ಮಂಡಳದಲ್ಲಿ ಎಷ್ಟೋ ಹಳ್ಳಿಗಳು. ಒಂದು ಹೊಲಕ್ಕೆ ಬಿದ್ದು ಮಗ್ಗುಲ ಹೊಲಕ್ಕೆ ಬೀಳದ ಮಳೆಯನ್ನು ಅದು ಹೇಗೆ ಅಳೆದೀತು? ಪ್ರತಿಯೊಂದು ಗ್ರಾಮಪಂಚಾಯತಿಗೆ ಒಂದು ಮಳೆಮಾಪಕ ಬೇಕೇಬೇಕು. ಅದು ಬರುವ ತನಕ ತಳ, ಬಾಯಿ ಒಂದೇ ಅಗಲವಿರುವ ಡಬ್ಬಿಯೊಂದನ್ನು ಬಯಲಲ್ಲಿ ಅಲುಗದಂತೆ ಇಟ್ಟು, ಮಳೆ ನಿಂತ ಮೇಲೆ ಶಾಲೆಯ ಅಳತೆಪಟ್ಟಿ ಇಳಿಸಿದರೆ ಸಾಕು, ಎಷ್ಟು ಮಿಲಿಮೀಟರೆಂಬುದು ತಿಳಿಯುವುದು. ಅಂಕಿಯನ್ನು ಚಾವಡಿಯ ಗೋಡೆಯ ಮೇಲೆ ಬರೆದು ದಿನದಿನಕ್ಕೆ ಕೂಡಿಸುತ್ತ ಹೋಗಿರಿ. ೭೫ ಆಗುವ ತನಕ ಬೀಜದ ಚೀಲ ಮನೆಯಲ್ಲಿಯೇ ಇರಲಿ.