ವೈದ್ಯಕೀಯ ಸಹಾಯಕರ ಆನ್‌ಲೈನ್ ತರಬೇತಿ: ಹಣ ಕಟ್ಟುವ ಮುನ್ನ ತಿಳಿಯಬೇಕಾದುದು



ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶಗಳು ಪ್ರಕಟವಾದ ಮೇಲೆ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದ ಪಾಲಕರು ಶ್ರೀಮಠಕ್ಕೆ ಬಂದು ಮಕ್ಕಳ ಮುಂದಿನ ಓದಿನ ವಿಚಾರ ಕೇಳುವುದು ರೂಢಿ. ಈಚೆಗೆ ಅವರ ಮಾತಿನಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ‘ಮೂರು ತಿಂಗಳು ಮೊಬೈಲ್‌ನಾಗ ಓದಿದ್ರ ಮೆಡಿಕಲ್ ಅಸಿಸ್ಟೆಂಟ್ ಸರ್ಟಿಫಿಕೇಟ್ ಕೊಡ್ತಾರಂತ್ರೀ, ಮಗಳಿಗಿ ಹಚ್ಚಬೇಕೋ ಬ್ಯಾಡೋ?’

ಈ ಪ್ರಶ್ನೆಯ ಹಿಂದಿರುವ ಆಸೆ ನ್ಯಾಯವಾದುದೇ. ಮಗಳನ್ನು ಕಲಬುರಗಿಗೋ ಹೈದರಾಬಾದಿಗೋ ಕಳುಹಿಸಿ ಎರಡು ಮೂರು ವರ್ಷ ಓದಿಸುವ ಶಕ್ತಿ ತೊಗರಿಯೊಂದನ್ನೇ ನಂಬಿದ ಮನೆಗೆ ಇರುವುದಿಲ್ಲ. ಮನೆಯಲ್ಲಿಯೇ ಕುಳಿತು ಕಲಿತು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಬಹುದೆಂದರೆ ಯಾವ ತಾಯಿತಂದೆಯ ಮನಸ್ಸು ಒಲಿಯದು? ಆದಕಾರಣವೇ ಈ ವಿಷಯವನ್ನು ಕಾನೂನು ಏನು ಹೇಳುತ್ತದೆ ಎಂಬುದರ ಬೆಳಕಿನಲ್ಲಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಹೆಸರಿನ ಮಾತು. ‘ಮೆಡಿಕಲ್ ಅಸಿಸ್ಟೆಂಟ್’ ಎಂಬುದು ಅಮೆರಿಕದ ವೈದ್ಯರ ಚಿಕಿತ್ಸಾಲಯಗಳಲ್ಲಿ ಬೆಳೆದ ಉದ್ಯೋಗ. ರೋಗಿಯ ರಕ್ತದೊತ್ತಡ ನೋಡುವುದು, ದಾಖಲೆ ಬರೆಯುವುದು, ವೈದ್ಯರಿಗೆ ನೆರವಾಗುವುದು ಅವರ ಕೆಲಸ. ಆ ದೇಶದಲ್ಲಿಯೂ ಮಾನ್ಯತೆ ಪಡೆದ ತರಬೇತಿಯೆಂದರೆ ಬರಿಯ ಪರದೆಯ ಪಾಠವಲ್ಲ. ಅಲ್ಲಿನ ಪ್ರಮುಖ ಮಾನ್ಯತಾ ಸಂಸ್ಥೆಯ ನಿಯಮದಂತೆ ಚಿಕಿತ್ಸಾಲಯದಲ್ಲಿ ಕನಿಷ್ಠ 160 ಗಂಟೆಗಳ ಪ್ರತ್ಯಕ್ಷ ಅಭ್ಯಾಸ ಆಗಲೇಬೇಕು. ಅಲ್ಲಿಯ ಜಾಹೀರಾತನ್ನು ಇಲ್ಲಿಯ ಮೊಬೈಲಿನಲ್ಲಿ ತೋರಿಸುವವರು ಈ ಮಾತನ್ನು ಹೇಳುವುದಿಲ್ಲ.

ಇನ್ನು ನಮ್ಮ ದೇಶದ ಕಾನೂನು. ಸಂಸತ್ತು 2021ರಲ್ಲಿ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಪ್ರಯೋಗಾಲಯ ತಂತ್ರಜ್ಞರು, ಎಕ್ಸ್‌ರೇ ತಂತ್ರಜ್ಞರು, ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರು, ಡಯಾಲಿಸಿಸ್ ತಂತ್ರಜ್ಞರು ಮೊದಲಾದವರನ್ನು ಅದು ಹತ್ತು ವರ್ಗಗಳಲ್ಲಿ ಸೇರಿಸಿದೆ. ಸಹವರ್ತಿ ಆರೋಗ್ಯ ವೃತ್ತಿಪರರ ಡಿಪ್ಲೊಮಾ ಅಥವಾ ಪದವಿಯು ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ 2,000 ಗಂಟೆಗಳದ್ದಾಗಿರಬೇಕೆಂದು ಕಾಯ್ದೆಯೇ ವಿಧಿಸಿದೆ. ದಿನಕ್ಕೊಂದು ಗಂಟೆಯಂತೆ ಮೂರು ತಿಂಗಳು ಮೊಬೈಲು ನೋಡಿದರೆ ಆಗುವುದು 90 ಗಂಟೆ. ಈ ಎರಡು ಅಂಕೆಗಳ ನಡುವಿನ ಅಂತರವನ್ನು ಯಾವ ಬಣ್ಣದ ಪ್ರಮಾಣಪತ್ರವೂ ತುಂಬಲಾರದು.

ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರಲ್ಲಿ ಮತ್ತೊಂದು ಹೆಜ್ಜೆ ಇಟ್ಟಿತು. ಈ ಕಾಯ್ದೆಯ ವ್ಯಾಪ್ತಿಗೆ ಬರುವ ಆರೋಗ್ಯ ಶಿಕ್ಷಣವನ್ನು ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡಕೂಡದೆಂದು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತಿಳಿಸಿತು. ದೊಡ್ಡ ವಿಶ್ವವಿದ್ಯಾಲಯಕ್ಕೇ ಇಲ್ಲದ ಅನುಮತಿ, ವಿಳಾಸವಿಲ್ಲದೆ ಬರಿಯ ವಾಟ್ಸ್ಆ್ಯಪ್ ಸಂಖ್ಯೆ ಕೊಡುವ ಸಂಸ್ಥೆಗೆ ಎಲ್ಲಿಂದ ಬಂದೀತು?

ಹಾಗಾದರೆ ಸರಿಯಾದ ದಾರಿ ಯಾವುದು? ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಮೂರು ವರ್ಷದ, ಪಿಯುಸಿ ವಿಜ್ಞಾನ ಓದಿದವರಿಗೆ ಎರಡು ವರ್ಷದ ಡಿಪ್ಲೊಮಾ ಶಿಕ್ಷಣ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಅಡಿಯಲ್ಲಿದೆ. ಪಿಯುಸಿ ಮುಗಿದವರಿಗೆ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಶುಶ್ರೂಷಾ ತರಬೇತಿಗಳಿವೆ. ಕೆಲವೇ ತಿಂಗಳಲ್ಲಿ ಮುಗಿಯುವುದೇ ಬೇಕೆಂದರೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಕೌಶಲ ತರಬೇತಿ ಉಂಟು; ಆರೋಗ್ಯ ವಲಯ ಕೌಶಲ ಮಂಡಳಿ ಇದನ್ನು ರೂಪಿಸಿದೆ. ರೋಗಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಅದರ ಪಾಠ. ಸಂಬಳ ದೊಡ್ಡದಿರಲಿಕ್ಕಿಲ್ಲ, ಆದರೆ ಕೆಲಸ ನಿಜವಾದುದು. ಅದನ್ನೂ ಕೈಯಿಂದಲೇ ಕಲಿಯಬೇಕು. ಆನ್‌ಲೈನ್ ಪಾಠಗಳು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ವೈದ್ಯಕೀಯ ಪದಗಳ ಪರಿಚಯಕ್ಕೆ, ಇಂಗ್ಲಿಷಿಗೆ, ಗಣಕಯಂತ್ರದ ಅಭ್ಯಾಸಕ್ಕೆ ಅವು ಒಳ್ಳೆಯ ಜೊತೆ. ಜೊತೆಯನ್ನೇ ದಾರಿಯೆಂದು ತಿಳಿದಾಗ ಮೋಸವಾಗುತ್ತದೆ.

ನಮ್ಮ ಭಾಗದವರಿಗೆ ಈ ಮಾತು ಮತ್ತಷ್ಟು ಮುಖ್ಯ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70ರಷ್ಟು ಸೀಟುಗಳು, ಇಲ್ಲಿನ ಗ್ರೂಪ್ ‘ಸಿ’ ಸರಕಾರಿ ಹುದ್ದೆಗಳಲ್ಲಿ ಶೇಕಡ 80ರಷ್ಟು ಸ್ಥಳೀಯರಿಗೆ ಮೀಸಲಾಗಿವೆ. ಹಿರಿಯರು ದಶಕಗಳ ಕಾಲ ಹೋರಾಡಿ ತಂದ ಹಕ್ಕು ಇದು. ಆದರೆ ಮೀಸಲು ಹುದ್ದೆಯ ಅರ್ಜಿಯೊಡನೆ ಸ್ಥಳೀಯರೆಂಬ ಅರ್ಹತಾ ಪತ್ರವೊಂದೇ ಸಾಲದು, ಮಾನ್ಯವಾದ ಡಿಪ್ಲೊಮಾ ಕೂಡ ಬೇಕು. ಮೂರು ತಿಂಗಳ ಕಾಗದ ಹಿಡಿದು ಹೋದ ಮಗಳು ಕಟ್ಟಿದ ಹಣವನ್ನು ಮಾತ್ರವಲ್ಲ, ಬಾಗಿಲ ಬಳಿಗೆ ಬಂದ ಹಕ್ಕನ್ನೂ ಕಳೆದುಕೊಳ್ಳುತ್ತಾಳೆ.

ಆದ್ದರಿಂದ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿರಿ. ಈ ಶಿಕ್ಷಣಕ್ಕೆ ಯಾವ ಮಂಡಳಿ ಅಥವಾ ಪರಿಷತ್ತಿನ ಮಾನ್ಯತೆ ಇದೆ? ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ ಪ್ರತ್ಯಕ್ಷ ಕಲಿಸುತ್ತಾರೆ? ಮುಗಿದ ಮೇಲೆ ಎಲ್ಲಿ ಹೆಸರು ನೋಂದಾಯಿಸಬಹುದು? ಕೊಟ್ಟ ಉತ್ತರವನ್ನು ಆ ಮಂಡಳಿಯ ಪಟ್ಟಿಯಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳಿರಿ. ‘ಇಂದೇ ಕಟ್ಟಿದರೆ ಅರ್ಧ ಶುಲ್ಕ’ ಎನ್ನುವವರಿಂದ ದೂರವಿರಿ.

ಶರಣರು ಕಾಯಕಕ್ಕೆ ಸತ್ಯಶುದ್ಧತೆಯ ಅಳತೆಯನ್ನಿಟ್ಟರು. ಅನುಭವ ಮಂಟಪದ ಪರಂಪರೆಯಲ್ಲಿ ವೈದ್ಯ ಸಂಗಣ್ಣನಂಥ ವೈದ್ಯವೃತ್ತಿಯ ಶರಣರೂ ಇದ್ದರೆಂಬುದನ್ನು ನೆನೆಯಬೇಕು. ರೋಗಿಯ ಶರೀರವನ್ನು ಮುಟ್ಟುವ ಕಾಯಕ ಅದು. ಅರೆಗಲಿತ ಕೈ ರಕ್ತನಾಳ ತಪ್ಪಿ ಸೂಜಿ ಚುಚ್ಚಿದರೆ, ಒಬ್ಬರ ರಕ್ತದ ಸೀಸೆಗೆ ಇನ್ನೊಬ್ಬರ ಹೆಸರು ಅಂಟಿಸಿದರೆ, ನೋವು ಉಣ್ಣುವವರು ನಮ್ಮದೇ ಊರಿನ ಬಡವರು.

ಕೊನೆಗೊಂದು ಮಾತು ಸಮಾಜಕ್ಕೆ. ಎರಡು ವರ್ಷದ ಓದು ಬಡ ಮನೆಗೆ ಭಾರವೆಂಬುದು ನಿಜ. ಜಾಹೀರಾತು ಗೆಲ್ಲುತ್ತಿರುವುದು ಆ ಭಾರದ ಮೇಲೆಯೇ. ಅನ್ನ, ಆಶ್ರಯ ಕೊಟ್ಟು ಅಕ್ಷರ ಕಲಿಸಿದ್ದು ನಾಡಿನ ಮಠಗಳ ದೊಡ್ಡ ದಾಸೋಹ. ಊರಿನಲ್ಲಿ ಉಳ್ಳವರು ಒಬ್ಬೊಬ್ಬ ಹೆಣ್ಣುಮಗಳ ವಸತಿಯ ವೆಚ್ಚ ಹೊತ್ತರೆ, ಕಲಬುರಗಿಯಲ್ಲಿ ನೆಲೆಸಿದ ಭಕ್ತರು ಅವಳಿಗೆ ಸುರಕ್ಷಿತ ಇರವು ಒದಗಿಸಿದರೆ, ಆ ದಾಸೋಹ ಇಂದಿಗೂ ಮುಂದುವರಿದಂತೆ. ಬೇಡವೆಂದು ಹೇಳುವುದು ಸುಲಭ. ಬೇಕಾದ ದಾರಿಯಲ್ಲಿ ಕೈಹಿಡಿದು ನಡೆಸುವುದು ನಮ್ಮೆಲ್ಲರ ಹೊಣೆ.